ಕೊಳವೆಯ ದಾರಿ, ನಕ್ಷೆಯ ನೆನಪು: ಬೀದರ ಸೀಮೆಯ ಕರೇಜಿನಿಂದ ಕಾರ್ಖಾನೆಯ ಉಪಕರಣ ನಕ್ಷೆಯವರೆಗೆ

1

ಇತಿಹಾಸದ ಆಕರಗಳೆಂದರೆ ಶಾಸನ, ತಾಮ್ರಪಟ, ನಾಣ್ಯ, ಕಡತ ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬಹುಕಾಲದಿಂದ ಬೇರೂರಿದೆ. ಕಾರ್ಖಾನೆಯೊಂದರ ಕಪಾಟಿನಲ್ಲಿ ಸುರುಳಿ ಸುತ್ತಿಟ್ಟ ನಕ್ಷೆಯೂ ಅಂಥದೇ ಒಂದು ಆಕರವಾಗಬಲ್ಲದೆಂಬುದನ್ನು ನಾವು ಅಷ್ಟಾಗಿ ವಿಚಾರಿಸಿಲ್ಲ. ಪ್ರಕೃತ ಲೇಖನದಲ್ಲಿ ಅಂಥ ನಕ್ಷೆಗಳಲ್ಲೊಂದಾದ ಕೊಳವೆ ಮತ್ತು ಉಪಕರಣಗಳ ನಕ್ಷೆಯನ್ನು, ಎಂದರೆ ಕಾರ್ಖಾನೆಯವರು ‘ಪಿ ಅಂಡ್ ಐ ಡಿ’ ಎಂದು ಕರೆಯುವ ಹಾಳೆಯನ್ನು, ಇತಿಹಾಸದ ದೃಷ್ಟಿಯಿಂದ ಪರಿಶೀಲಿಸುವುದು ನಮ್ಮ ಉದ್ದೇಶವಾಗಿದೆ. ಈ ಹಾಳೆಯನ್ನು ಓದುವುದು ಹೇಗೆ, ಅದು ಯಾವ ಅಗತ್ಯದಿಂದ ಹುಟ್ಟಿತು, ಅದಿಲ್ಲದ ಕಾಲದಲ್ಲಿ ಅದರ ಕೆಲಸವನ್ನು ಯಾರು ಮಾಡುತ್ತಿದ್ದರು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಈ ವಿಚಾರಕ್ಕೆ ಬೀದರ ಜಿಲ್ಲೆಯನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಬಸವಕಲ್ಯಾಣ, ಕೊಹಿನೂರ, ಹುಮನಾಬಾದುಗಳನ್ನೊಳಗೊಂಡ ಈ ಸೀಮೆಯಲ್ಲಿ ನೀರನ್ನು ಹಿಡಿದು, ಸಾಗಿಸಿ, ಅಳತೆಯರಿತು ಬಿಡುವ ವಿದ್ಯೆ ಬಹಳ ಹಳೆಯದು. ಇದೇ ಸೀಮೆಯಲ್ಲಿ ಇಂದು ಸಕ್ಕರೆಯ ಕಾರ್ಖಾನೆಗಳೂ, ಹುಮನಾಬಾದು ಮತ್ತು ಬೀದರದ ಕೈಗಾರಿಕಾ ಪ್ರದೇಶಗಳಲ್ಲಿ ರಾಸಾಯನಿಕ ಹಾಗೂ ಔಷಧಗಳ ತಯಾರಿಕೆಯೂ ನಡೆಯುತ್ತಿವೆ. ಹಳೆಯದರ ಮತ್ತು ಹೊಸದರ ನಡುವಣ ಸಂಬಂಧವನ್ನು ಒಂದೇ ನೆಲದ ಮೇಲೆ ನಿಂತು ನೋಡಲು ಇಲ್ಲಿ ಸಾಧ್ಯವಾಗುತ್ತದೆ.

ನಮ್ಮ ನಿಲುವನ್ನು ಆರಂಭದಲ್ಲಿಯೇ ಹೇಳಿಬಿಡುವುದು ಲೇಸು. ದ್ರವವನ್ನಾಗಲಿ ಹಬೆಯನ್ನಾಗಲಿ ಸಾಗಿಸುವ ಯಾವ ಸ್ಥಾವರಕ್ಕಾದರೂ ಎರಡು ಬಗೆಯ ತಿಳಿವಳಿಕೆ ಬೇಕು: ಒಳಗಿನದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದೊಂದು, ಅದು ಮಿತಿ ಮೀರದಂತೆ ಕಾಯುವವರು ಯಾರು, ಕಾಯುವುದು ಹೇಗೆ ಎಂಬುದು ಮತ್ತೊಂದು. ಈ ತಿಳಿವಳಿಕೆ ಮನುಷ್ಯರ ನೆನಪಿನಲ್ಲಿ ಮಾತ್ರ ಉಳಿದಿದ್ದರೆ ಆ ಮನುಷ್ಯರೊಡನೆಯೇ ಅದು ಅಳಿಯುತ್ತದೆ. ಹಾಳೆಯ ಮೇಲೆ ಮಾತ್ರ ಉಳಿದು ಸ್ಥಾವರದ ನಿಜಸ್ಥಿತಿಯೊಡನೆ ಹೊಂದದೆ ಹೋದರೆ ಅದು ಅಳಿದುದಕ್ಕಿಂತಲೂ ಅಪಾಯಕರವಾಗುತ್ತದೆ.

2

ಮೊದಲು ನಮ್ಮ ಕೆರೆಗಳ ವ್ಯವಸ್ಥೆಯನ್ನು ನೋಡೋಣ. ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಊರು. ಅಲ್ಲಿಯ ತ್ರಿಪುರಾಂತಕ ಕೆರೆ ಇಂದಿಗೂ ಪ್ರಸಿದ್ಧವಾಗಿದೆ. ಕನ್ನಡ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ, ಏರಿಯನ್ನು ಬಲಪಡಿಸಿದವರ, ತೂಬನ್ನು ಇಡಿಸಿದವರ ಹೆಸರುಗಳು ಹೇರಳವಾಗಿ ಬರುತ್ತವೆ. ತೂಬೆಂದರೆ ಏರಿಯ ಅಡಿಯಲ್ಲಿ ನೀರು ಹೊರಗೆ ಹೋಗುವ ಕಲ್ಲಿನ ದಾರಿ. ಅದರ ಬಾಯಿಗೆ ಒಂದು ಬಿರಡೆ. ಬಿರಡೆಯನ್ನು ಮೇಲೆತ್ತಿ ಇಳಿಸಲು ಒಂದು ಕೋಲು. ಕೋಲನ್ನು ಹಿಡಿದು ನಿಲ್ಲಿಸಲು ಕಲ್ಲಿನ ಕಂಬಗಳು. ಬಿರಡೆ ಎಷ್ಟು ಮೇಲೆದ್ದಿತೋ ಅಷ್ಟು ನೀರು ಗದ್ದೆಯ ಕಾಲುವೆಗೆ ಹರಿಯುತ್ತಿತ್ತು.

ತೂಬು ತಾನಾಗಿಯೇ ಏನನ್ನೂ ಅರಿಯದು. ಕೆರೆಯಲ್ಲಿ ನೀರೆಷ್ಟಿದೆ, ಬೆಳೆ ಯಾವ ಹಂತದಲ್ಲಿದೆ, ಕೆಳಗಿನ ಗದ್ದೆಗೆ ಸರದಿ ಯಾವಾಗ ಎಂಬುದನ್ನು ಅರಿತು ಬಿರಡೆಯನ್ನು ಎತ್ತುತ್ತಿದ್ದವನು, ಮೈಸೂರು ಸೀಮೆಯಲ್ಲಿ ನೀರುಗಂಟಿ ಎಂದು ಕರೆಯಲ್ಪಡುತ್ತಿದ್ದ ಊರಿನ ಆಳು. ಅವನ ಕೆಲಸವನ್ನು ಬಿಡಿಸಿ ನೋಡಿದರೆ ಮೂರು ಭಾಗಗಳು ಕಾಣುತ್ತವೆ. ಕಣ್ಣು ನೀರಿನ ಮಟ್ಟವನ್ನು ಅಳೆಯಿತು. ಬುದ್ಧಿ ಅದನ್ನು ಇರಬೇಕಾದ ಮಟ್ಟದೊಡನೆ ಹೋಲಿಸಿತು. ಕೈ ಬಿರಡೆಯನ್ನು ಚಲಿಸಿತು. ಬಿರಡೆ ಚಲಿಸಿದ ಮೇಲೆ ಮಟ್ಟ ಬದಲಾಗುತ್ತದೆ, ಕಣ್ಣು ಅದನ್ನು ಮತ್ತೆ ನೋಡುತ್ತದೆ. ಹೀಗೆ ಅಳತೆ, ಹೋಲಿಕೆ, ಕ್ರಿಯೆ ಎಂಬ ಮೂರೂ ಒಂದು ಸುತ್ತಾಗಿ ನಡೆಯುತ್ತವೆ. ಇಂದಿನ ಎಂಜಿನಿಯರರು ನಿಯಂತ್ರಣದ ಸುತ್ತು ಎಂದು ಹೇಳುವುದು ಇದನ್ನೇ. ಆಧುನಿಕ ಕಾರ್ಖಾನೆಯ ನಕ್ಷೆಯಲ್ಲಿ ಸಾಲುಸಾಲಾಗಿ ಕಾಣುವ ವೃತ್ತಗಳು ನೀರುಗಂಟಿಯ ಕಣ್ಣು, ಬುದ್ಧಿ, ಕೈಗಳನ್ನು ಬೇರೆಬೇರೆಯಾಗಿ ಬರೆದು ತೋರಿಸಿದ ಗುರುತುಗಳೆಂದು ವಿದ್ಯಾರ್ಥಿಗಳು ತಿಳಿಯಬಹುದು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕೆರೆಯನ್ನು ಕಟ್ಟಿಸಿದವನ ಕೀರ್ತಿಯನ್ನು ಶಾಸನ ಕಲ್ಲಿನಲ್ಲಿ ಉಳಿಸಿತು. ತೂಬನ್ನು ನಡೆಸುವ ಕ್ರಮವನ್ನು ಮಾತ್ರ ತಂದೆ ಮಗನಿಗೆ ಬಾಯಿಂದ ಹೇಳಿ ಉಳಿಸಬೇಕಾಯಿತು. ನಿರ್ಮಾಣದ ನೆನಪಿಗೂ ನಿರ್ವಹಣೆಯ ನೆನಪಿಗೂ ನಡುವೆ ಇರುವ ಈ ಅಂತರವೇ ಮುಂದಿನ ಚರ್ಚೆಗೆ ತಳಹದಿ.

3

ಕೆರೆಯ ತೂಬು ಕಣ್ಣಿಗೆ ಕಾಣುವಂಥದು. ನೆಲದೊಳಗೆ ಹುದುಗಿದ ವ್ಯವಸ್ಥೆಯಲ್ಲಿ ಇದೇ ಅಂತರ ಇನ್ನೂ ಹಿರಿದಾಗುತ್ತದೆ. ಬೀದರದ ಕರೇಜು ಇದಕ್ಕೆ ಉತ್ತಮ ನಿದರ್ಶನ. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ಬಹಮನಿ ಸುಲ್ತಾನ ಅಹಮದ್ ಶಹನು ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದನು. ಆ ಕಾಲದಲ್ಲಿ ಪರ್ಷಿಯಾದಿಂದ ವಿದ್ವಾಂಸರೂ ಕುಶಲಕರ್ಮಿಗಳೂ ಈ ನಾಡಿಗೆ ಬಂದರು. 1472ರಲ್ಲಿ ಮಹಮೂದ್ ಗವಾನನ ಮದರಸ ಬೀದರದಲ್ಲಿ ನಿಂತದ್ದು ಆ ಸಂಪರ್ಕದ ಫಲ. ನೆಲದೊಳಗೆ ಸುರಂಗ ಕೊರೆದು ಅಂತರ್ಜಲವನ್ನು ದೂರದಿಂದ ಹರಿಸಿ ತರುವ ಪರ್ಷಿಯಾದ ವಿದ್ಯೆಯೂ ಅದೇ ಸಂಪರ್ಕದಿಂದ ಇಲ್ಲಿಗೆ ಬಂದಿತು. ಪರ್ಷಿಯಾದಲ್ಲಿ ಕನಾತ್, ಕರೇಜ್ ಎಂದು ಹೆಸರಾದುದನ್ನು ನಮ್ಮವರು ಸುರಂಗ ಬಾವಿ ಎಂದು ಕರೆದರು. ನೌಬಾದು, ಶುಕ್ಲತೀರ್ಥ, ಜಮ್ನಾ ಮೋರಿ ಎಂಬ ಕಡೆಗಳಲ್ಲಿ ಇವುಗಳ ಗುರುತುಗಳು ದೊರೆತಿವೆ.

ಕರೇಜಿನ ರಚನೆ ಸರಳವಾದರೂ ಸೂಕ್ಷ್ಮವಾದುದು. ಬೀದರದ ಪ್ರಸ್ಥಭೂಮಿಯ ಮೇಲ್ಭಾಗ ರಂಧ್ರಗಳುಳ್ಳ ಜಂಬಿಟ್ಟಿಗೆ ಕಲ್ಲಿನದು. ಅದರ ಕೆಳಗೆ ದಖ್ಖನಿನ ಕಪ್ಪು ಕಲ್ಲಿನ ಪದರ. ಮಳೆಯ ನೀರು ಜಂಬಿಟ್ಟಿಗೆಯಲ್ಲಿ ಇಂಗಿ, ಕೆಳಗಿನ ಗಟ್ಟಿ ಪದರದ ಮೇಲೆ ತಂಗುತ್ತದೆ. ಆ ನೀರಿರುವ ಎತ್ತರದ ಸ್ಥಳದಲ್ಲಿ ತಾಯಿಬಾವಿಯನ್ನು ತೋಡಿ, ಅಲ್ಲಿಂದ ತೀರ ಅಲ್ಪ ಇಳಿಜಾರಿನಲ್ಲಿ ಸುರಂಗವನ್ನು ಕೊರೆದರೆ ಯಾವ ಯಂತ್ರದ ನೆರವೂ ಇಲ್ಲದೆ ನೀರು ತಗ್ಗಿಗೆ ಹರಿದು ಬರುತ್ತದೆ. ಇಳಿಜಾರು ಹೆಚ್ಚಾದರೆ ನೀರು ಸುರಂಗದ ತಳವನ್ನು ಕೊರೆಯುತ್ತದೆ; ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಕೆಳಗೆ ನೇರವಾದ ಬಾವಿಗಳಿವೆ. ತೋಡುವಾಗ ಮಣ್ಣನ್ನು ಮೇಲೆತ್ತಲು, ಒಳಗಿನವರಿಗೆ ಗಾಳಿ ಬರಲು, ಮುಂದೆ ಹೂಳು ತೆಗೆಯಲು ಇಳಿಯುವುದಕ್ಕೆ ಇವೇ ದಾರಿ. ನೌಬಾದಿನ ಕರೇಜು ಕಿಲೋಮೀಟರುಗಟ್ಟಲೆ ಉದ್ದವಾಗಿದ್ದು ಇಪ್ಪತ್ತರ ಆಸುಪಾಸಿನಲ್ಲಿ ಇಂಥ ಬಾವಿಗಳನ್ನು ಹೊಂದಿದೆ.

ಇದರ ನಕ್ಷೆ ಎಲ್ಲಿತ್ತು? ಒಂದರ್ಥದಲ್ಲಿ ನೆಲದ ಮೇಲೆಯೇ ಇತ್ತು. ಬಾವಿಯ ಬಾಯಿಗಳ ಸಾಲನ್ನು ಹಿಡಿದು ನಡೆದರೆ ಕೆಳಗಿನ ಸುರಂಗದ ದಾರಿ ಗೊತ್ತಾಗುತ್ತಿತ್ತು. ಯಾವ ಬಾವಿಗೆ ಯಾವಾಗ ಇಳಿಯಬೇಕು, ಹೂಳು ಎಲ್ಲಿ ಹೆಚ್ಚು ನಿಲ್ಲುತ್ತದೆ ಎಂಬುದು ಅದನ್ನು ಕಾಯುತ್ತಿದ್ದವರಿಗೆ ಮಾತ್ರ ತಿಳಿದಿತ್ತು. ಅರಸೊತ್ತಿಗೆಗಳು ಬದಲಾದವು. ಆಡಳಿತದ ಭಾಷೆಯು ಪಾರಸಿಯಿಂದ ಉರ್ದುವಿಗೆ, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿದ ಮೇಲೆ ಕನ್ನಡಕ್ಕೆ ತಿರುಗಿತು. ಕಾಯುವವರು ಚದುರಿದರು, ಬಾವಿಗಳ ಬಾಯಿಗಳಲ್ಲಿ ಕೆಲವು ಮಣ್ಣಿನಿಂದಲೂ ಕಸದಿಂದಲೂ ಮುಚ್ಚಿಹೋದವು. ನೆಲದ ಮೇಲಿನ ನಕ್ಷೆ ಅಳಿಸಿದಾಗ ಕೆಳಗಿನ ಸ್ಥಾವರವೂ ಮರೆಯಾಯಿತು. ಭೂಗೋಳಶಾಸ್ತ್ರಜ್ಞ ವಳ್ಳಿಯಿಲ್ ಗೋವಿಂದನ್‌ಕುಟ್ಟಿಯವರು ಈ ಶತಮಾನದ ಎರಡನೆಯ ದಶಕದಲ್ಲಿ ಇದನ್ನು ಅಳೆದು ಗುರುತಿಸಿದರು. 2015ರ ಸುಮಾರಿಗೆ ಹೂಳು ತೆಗೆಯುವ ಕಾರ್ಯ ನಡೆಯಿತು. ಸುರಂಗವು ಶತಮಾನಗಳ ಕಾಲ ಅಲ್ಲಿಯೇ ಇತ್ತು. ಇಲ್ಲವಾಗಿದ್ದುದು ಅದರ ತಿಳಿವಳಿಕೆ.

ಆದಿಲಶಾಹಿ ವಿಜಾಪುರದಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದುವರಿದ ವ್ಯವಸ್ಥೆಯನ್ನು ಕಾಣುತ್ತೇವೆ. ತೊರವಿಯ ಕಡೆಯಿಂದಲೂ, 1651ರಲ್ಲಿ ಮಹಮದ್ ಆದಿಲಶಹನ ಕಾಲದಲ್ಲಿ ನಿರ್ಮಾಣವಾದ ಬೇಗಂ ತಲಾಬಿನಿಂದಲೂ ನಗರಕ್ಕೆ ನೀರು ಬರುತ್ತಿತ್ತು. ಬೇಗಂ ತಲಾಬಿನ ನೀರನ್ನು ಸುಟ್ಟ ಮಣ್ಣಿನ ಕೊಳವೆಗಳಲ್ಲಿ ತಂದರು. ಕೊಳವೆಗಳ ಸುತ್ತಲೂ ಗಾರೆಯ ಕಟ್ಟಡವಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಎತ್ತರದ ಗೋಪುರಗಳನ್ನು ಕಟ್ಟಿದರು. ಕೊಳವೆಯ ನೀರು ಗೋಪುರದಲ್ಲಿ ಮೇಲೇರಿ, ಅಲ್ಲಿ ಒತ್ತಡವನ್ನು ಕಳೆದುಕೊಂಡು, ಕೆಸರನ್ನು ತಳದಲ್ಲಿ ಬಿಟ್ಟು, ಮುಂದಿನ ಕೊಳವೆಗೆ ಇಳಿಯುತ್ತಿತ್ತು. ಒತ್ತಡ ಮಿತಿ ಮೀರಿದರೆ ಮಣ್ಣಿನ ಕೊಳವೆ ಸೀಳುವುದೆಂಬ ಅರಿವು ಇಲ್ಲಿ ಕಟ್ಟಡದ ರೂಪವನ್ನೇ ತಾಳಿದೆ. ಇಂದಿನ ಕಾರ್ಖಾನೆಯಲ್ಲಿ ಒತ್ತಡ ಬಿಡಿಸುವ ವಾಲ್ವು ಮಾಡುವ ಕೆಲಸಕ್ಕೆ ಇದು ಸಮೀಪವಾದುದು. ಆದರೆ ಈ ರಕ್ಷಣೆಯ ಲೆಕ್ಕಾಚಾರವೂ ಅದನ್ನು ಬಲ್ಲ ಮೇಸ್ತ್ರಿಗಳೊಡನೆ ಹೋಯಿತು. ನಮಗೆ ಉಳಿದಿರುವುದು ಗೋಪುರಗಳು ಮಾತ್ರ.

4

ನೀರಿನ ಸ್ಥಾವರದಿಂದ ಪಾಕದ ಸ್ಥಾವರಕ್ಕೆ ಬರೋಣ. ಆಲೆಮನೆಯಲ್ಲಿ ಕಬ್ಬಿನ ಹಾಲು ಗಾಣದಿಂದ ಕೊಪ್ಪರಿಗೆಗೆ ಬರುತ್ತದೆ. ಬೆಂಕಿಯ ಮೇಲೆ ಕುದಿದು ಪಾಕವಾಗುತ್ತದೆ. ಪಾಕ ಬಂದಿತೇ ಇಲ್ಲವೇ ಎಂಬುದನ್ನು ಅನುಭವಿಯಾದ ಹಿರಿಯನು ನೊರೆಯ ಬಣ್ಣದಿಂದ, ಗುಳ್ಳೆಯ ಗಾತ್ರದಿಂದ, ಎರಡು ಬೆರಳುಗಳ ನಡುವೆ ಎಳೆಯುವ ಎಳೆಯಿಂದ ನಿಶ್ಚಯಿಸುತ್ತಾನೆ. ಕೊಪ್ಪರಿಗೆ ತೆರೆದಿರುವುದರಿಂದಲೇ ಇದು ಸಾಧ್ಯ. ಎಲ್ಲವೂ ಕಣ್ಣೆದುರಿಗಿದೆ, ನಕ್ಷೆಯ ಅಗತ್ಯವಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಕೊಪ್ಪರಿಗೆ ಮುಚ್ಚಿಕೊಂಡಿತು. ಅಮೆರಿಕದ ಲೂಸಿಯಾನದಲ್ಲಿ ಹುಟ್ಟಿದ ನಾರ್ಬರ್ಟ್ ರಿಲಿಯೂ ಎಂಬ ಎಂಜಿನಿಯರನು 1843ರಲ್ಲಿ ಕಬ್ಬಿನ ಹಾಲನ್ನು ಮುಚ್ಚಿದ ಪಾತ್ರೆಗಳ ಸಾಲಿನಲ್ಲಿ ಕಾಯಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಮೊದಲನೆಯ ಪಾತ್ರೆಯಲ್ಲಿ ಹಾಲಿನಿಂದ ಏಳುವ ಹಬೆಯೇ ಎರಡನೆಯ ಪಾತ್ರೆಯನ್ನು ಕಾಯಿಸುತ್ತದೆ. ಎರಡನೆಯದರ ಹಬೆ ಮೂರನೆಯದನ್ನು. ಪಾತ್ರೆಯಿಂದ ಪಾತ್ರೆಗೆ ಒತ್ತಡ ಕಡಿಮೆಯಾಗುತ್ತ ಹೋಗಿ ಕೊನೆಯದರಲ್ಲಿ ಗಾಳಿಯ ಒತ್ತಡಕ್ಕಿಂತಲೂ ಬಹಳ ಕೆಳಗಿಳಿಯುವುದರಿಂದ ಅಲ್ಪ ಶಾಖದಲ್ಲಿಯೇ ಹಾಲು ಕುದಿಯುತ್ತದೆ. ಒಮ್ಮೆ ಉರಿಸಿದ ಇಂಧನದಿಂದ ಹಲವು ಬಾರಿ ಕೆಲಸ ಪಡೆದಂತಾಯಿತು. ಆದರೆ ಇದಕ್ಕೆ ಒಂದು ಬೆಲೆಯನ್ನು ತೆರಬೇಕಾಯಿತು. ನೊರೆ ಕಾಣದು, ಗುಳ್ಳೆ ಕಾಣದು, ಬೆರಳಿಗೆ ಪಾಕ ಸಿಗದು. ಕಣ್ಣಿಗೆ ಬದಲಾಗಿ ಗಾಜಿನ ಕಿಂಡಿ, ಒತ್ತಡದ ಮಾಪಕ, ಶಾಖಮಾಪಕಗಳು ಬೇಕಾದವು. ಒಂದು ಪಾತ್ರೆಯಲ್ಲಾದ ಏರುಪೇರು ಉಳಿದೆಲ್ಲ ಪಾತ್ರೆಗಳನ್ನೂ ಮುಟ್ಟುವುದರಿಂದ ಇವುಗಳ ಪರಸ್ಪರ ಸಂಬಂಧವನ್ನು ಒಂದೆಡೆ ಬರೆದಿಡುವುದು ಅನಿವಾರ್ಯವಾಯಿತು.

ಅದೇ ಕಾಲದಲ್ಲಿ ರಾಸಾಯನಿಕ ಕೈಗಾರಿಕೆ ಬೆಳೆಯುತ್ತಿತ್ತು. 1901ರಲ್ಲಿ ಇಂಗ್ಲೆಂಡಿನ ಜಾರ್ಜ್ ಡೇವಿಸ್ ರಾಸಾಯನಿಕ ಎಂಜಿನಿಯರಿಂಗಿನ ಕೈಪಿಡಿಯನ್ನು ಪ್ರಕಟಿಸಿದನು. 1915ರಲ್ಲಿ ಅಮೆರಿಕದ ಆರ್ಥರ್ ಲಿಟಲ್ ಒಂದು ಮುಖ್ಯ ವಿಚಾರವನ್ನು ಮುಂದಿಟ್ಟನು: ಕಾಯಿಸುವುದು, ಸೋಸುವುದು, ಬಟ್ಟಿ ಇಳಿಸುವುದು, ಒಣಗಿಸುವುದು ಮುಂತಾದ ಕೆಲವೇ ಕ್ರಿಯೆಗಳ ಜೋಡಣೆಯಿಂದ ಎಷ್ಟೋ ಬಗೆಯ ಕಾರ್ಖಾನೆಗಳು ಆಗುತ್ತವೆ. ಕ್ರಿಯೆಗಳು ಕೆಲವೇ ಆದರೆ ಅವುಗಳಿಗೆ ಕೆಲವೇ ಗುರುತುಗಳು ಸಾಕು. ಅಕ್ಷರಗಳಿಂದ ಪದಗಳಾಗುವಂತೆ ಆ ಗುರುತುಗಳಿಂದ ಯಾವ ಸ್ಥಾವರವನ್ನಾದರೂ ಬರೆಯಬಹುದು.

ಬರೆದ ಸ್ಥಾವರ ಸಮುದ್ರವನ್ನು ದಾಟಬಲ್ಲದು. ಕರ್ನಾಟಕದಲ್ಲಿ ಭದ್ರಾವತಿಯ ಕಾರ್ಖಾನೆ ಇದಕ್ಕೆ ಸಾಕ್ಷಿ. ಮೈಸೂರು ಸಂಸ್ಥಾನವು ಅಲ್ಲಿ ಕಟ್ಟಿಗೆಯನ್ನು ಬಟ್ಟಿ ಇಳಿಸಿ ಇದ್ದಿಲನ್ನೂ, ಅದರೊಡನೆ ಮೆಥಿಲ್ ಮದ್ಯಸಾರ, ಡಾಂಬರು ಮುಂತಾದ ಉಪೋತ್ಪನ್ನಗಳನ್ನೂ ಪಡೆದು, ಆ ಇದ್ದಿಲಿನಿಂದ ಕಬ್ಬಿಣವನ್ನು ತೆಗೆಯುವ ಸ್ಥಾವರವನ್ನು ನಿರ್ಮಿಸಿತು. ನ್ಯೂಯಾರ್ಕಿನ ಪೆರಿನ್ ಮತ್ತು ಮಾರ್ಷಲ್ ಎಂಬ ಎಂಜಿನಿಯರರು ಇದರ ಸಲಹೆಗಾರರಾಗಿದ್ದರು. 1923ರಲ್ಲಿ ಉತ್ಪಾದನೆ ಮೊದಲಾಯಿತು. ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿಕೊಂಡರು. ಪರ್ಷಿಯಾದ ಕರೇಜು ಬೀದರಕ್ಕೆ ಬರಲು ಅದನ್ನು ಬಲ್ಲ ಮನುಷ್ಯರೇ ಬರಬೇಕಾಗಿತ್ತು. ಐದು ಶತಮಾನಗಳ ತರುವಾಯ, ದೂರದೇಶದ ಎಂಜಿನಿಯರರ ವಿದ್ಯೆ ಬಹುಮಟ್ಟಿಗೆ ಕಾಗದದ ಮೇಲೆಯೇ ಮಲೆನಾಡಿನ ಅಂಚಿಗೆ ಬರುವುದು ಸಾಧ್ಯವಾಗಿತ್ತು.

ಆರಂಭದಲ್ಲಿ ಒಂದೊಂದು ಕಂಪನಿಯ ಗುರುತುಗಳು ಒಂದೊಂದು ಬಗೆ. 1945ರಲ್ಲಿ ಅಮೆರಿಕದಲ್ಲಿ ಉಪಕರಣ ತಜ್ಞರ ಸಂಘವೊಂದು, ಐ.ಎಸ್.ಎ. ಎಂಬ ಹೆಸರಿನದು, ಸ್ಥಾಪಿತವಾಯಿತು. 1949ರಲ್ಲಿ ಆ ಸಂಘವು ಉಪಕರಣಗಳ ಗುರುತುಗಳಿಗೆ ಒಂದು ಶಿಫಾರಸನ್ನು ಪ್ರಕಟಿಸಿತು. ಅದು ಹಲವು ಬಾರಿ ಪರಿಷ್ಕೃತವಾಗಿ ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಭಾರತೀಯ ಮಾನಕಗಳಲ್ಲಿ ಐ.ಎಸ್. 3232 ಎಂಬುದು ಇಂಥ ನಕ್ಷೆಗಳ ಗುರುತುಗಳಿಗೆ ಸಂಬಂಧಿಸಿದುದಾಗಿದೆ.

5

ಇನ್ನು ನಕ್ಷೆಯನ್ನು ಓದುವ ಕ್ರಮ. ಹುಮನಾಬಾದು ತಾಲೂಕಿನ ಹಳ್ಳಿಖೇಡದ ಬಳಿ ಬೀದರ ಸಹಕಾರಿ ಸಕ್ಕರೆ ಕಾರ್ಖಾನೆ ಸ್ಥಾಪಿತವಾದಂದಿನಿಂದ ಈ ಭಾಗದ ಜನರಿಗೆ ಸಕ್ಕರೆಯ ಕಾರ್ಖಾನೆಯ ಪರಿಚಯವಿದೆ. ಆದಕಾರಣ ಸಾಮಾನ್ಯವಾದ ಒಂದು ಸಕ್ಕರೆ ಕಾರ್ಖಾನೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇವೆ. ಅರೆದ ಕಬ್ಬಿನ ಹಾಲನ್ನು ಮೊದಲು ಸುಮಾರು 70 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ಸುಣ್ಣದ ಬಗ್ಗಡವನ್ನೂ ಗಂಧಕದ ಹೊಗೆಯನ್ನೂ ಸೇರಿಸುತ್ತಾರೆ. ಮತ್ತೆ ನೂರು ಡಿಗ್ರಿಗೆ ತುಸು ಮೇಲಕ್ಕೆ ಕಾಯಿಸಿ, ದೊಡ್ಡ ತೊಟ್ಟಿಯಲ್ಲಿ ಕಲ್ಮಷವನ್ನು ತಂಗಿಸುತ್ತಾರೆ. ತಿಳಿಯಾದ ಹಾಲು ಮುಚ್ಚಿದ ಪಾತ್ರೆಗಳ ಸಾಲಿಗೆ ಹೋಗಿ ಗಟ್ಟಿಯಾಗುತ್ತದೆ. ಕೊನೆಗೆ ನಿರ್ವಾತದ ಕಡಾಯಿಯಲ್ಲಿ ಹರಳುಗಟ್ಟುತ್ತದೆ.

ನಕ್ಷೆಯನ್ನು ಕೈಗೆತ್ತಿಕೊಂಡವರು ಮೊದಲು ಅರಿಯಬೇಕಾದುದು, ಅದು ಅಳತೆಗೆ ತಕ್ಕಂತೆ ಬರೆದ ಚಿತ್ರವಲ್ಲವೆಂಬುದನ್ನು. ಎರಡು ಪಾತ್ರೆಗಳು ಹಾಳೆಯ ಮೇಲೆ ಒಂದಂಗುಲದ ಅಂತರದಲ್ಲಿದ್ದು, ನೆಲದ ಮೇಲೆ ನೂರು ಗಜ ದೂರವಿರಬಹುದು. ಹಾಳೆ ಹೇಳುವುದು ಸಂಬಂಧವನ್ನು, ಸ್ಥಳವನ್ನಲ್ಲ. ದಪ್ಪ ಗೆರೆ ಮುಖ್ಯ ಕೊಳವೆ. ಗೆರೆಯ ಮೇಲಿನ ಸಂಖ್ಯೆಯಿಂದ ಆ ಕೊಳವೆಯ ಅಗಲ, ಅದರಲ್ಲಿ ಹರಿಯುವ ವಸ್ತು, ಅದು ಯಾವ ಲೋಹದ ದರ್ಜೆಗೆ ಸೇರಿದುದು ಎಂಬುದು ತಿಳಿಯುತ್ತದೆ. ತುದಿಗೆ ತುದಿ ತಾಗಿದ ಎರಡು ತ್ರಿಕೋನಗಳು ವಾಲ್ವಿನ ಗುರುತು.

ವೃತ್ತಗಳು ಉಪಕರಣಗಳು. ವೃತ್ತದೊಳಗಿನ ಮೊದಲ ಅಕ್ಷರ ಅಳೆಯುವ ಗುಣವನ್ನು ಸೂಚಿಸುತ್ತದೆ: ಪಿ ಎಂದರೆ ಒತ್ತಡ, ಟಿ ಎಂದರೆ ಶಾಖ, ಎಫ್ ಎಂದರೆ ಹರಿವು, ಎಲ್ ಎಂದರೆ ಮಟ್ಟ. ಮುಂದಿನ ಅಕ್ಷರಗಳು ಉಪಕರಣದ ಕೆಲಸವನ್ನು ಹೇಳುತ್ತವೆ: ಐ ತೋರಿಸುತ್ತದೆ, ಆರ್ ದಾಖಲಿಸುತ್ತದೆ, ಸಿ ನಿಯಂತ್ರಿಸುತ್ತದೆ, ಟಿ ಸಂದೇಶವನ್ನು ಕಳುಹಿಸುತ್ತದೆ. ಒಂದೇ ಅಕ್ಷರ ಮೊದಲು ಬಂದಾಗ ಒಂದರ್ಥ, ಅನಂತರ ಬಂದಾಗ ಬೇರೊಂದರ್ಥವಾಗುವುದನ್ನು ಮರೆಯಲಾಗದು. ವೃತ್ತದೊಳಗೆ ಎಲ್.ಐ.ಸಿ. ಎಂದು ಕಂಡರೆ ಅದು ಜೀವ ವಿಮೆಯ ನಿಗಮವಲ್ಲ. ಮಟ್ಟವನ್ನು ತೋರಿಸಿ ನಿಯಂತ್ರಿಸುವ ಉಪಕರಣ. ವೃತ್ತದ ನಡುವೆ ಅಡ್ಡಗೆರೆ ಇದ್ದರೆ ಅದು ನಿಯಂತ್ರಣ ಕೊಠಡಿಯ ಫಲಕದಲ್ಲಿದೆ. ಗೆರೆಯಿಲ್ಲದಿದ್ದರೆ ಕೊಳವೆಯ ಬಳಿಯಲ್ಲಿಯೇ ಇದೆ. ಅಕ್ಷರಗಳ ಕೆಳಗಿನ ಸಂಖ್ಯೆ ಸುತ್ತಿನದು. ಒಂದೇ ಸಂಖ್ಯೆಯುಳ್ಳ ಉಪಕರಣಗಳು ಒಂದೇ ಸುತ್ತಿಗೆ ಸೇರಿದವು.

ಈಗ ಕಾಯಿಸುವ ಪಾತ್ರೆಯೊಂದನ್ನು ನೋಡೋಣ. ಅದರೊಳಗೆ ಹಾಲಿನ ಮಟ್ಟ ಹೆಚ್ಚಾದರೆ ಹಬೆಯೊಡನೆ ಹಾಲಿನ ಹನಿಗಳೂ ಹಾರಿ ಮುಂದಿನ ಪಾತ್ರೆಯ ಕಾಯಿಸುವ ಭಾಗಕ್ಕೆ ಹೋಗುತ್ತವೆ. ಸಕ್ಕರೆ ನಷ್ಟವಾಗುವುದಷ್ಟೇ ಅಲ್ಲ. ಅಲ್ಲಿ ತಣಿದ ನೀರನ್ನು ಮತ್ತೆ ಬಾಯ್ಲರಿಗೆ ಕಳುಹಿಸುವ ಪಕ್ಷದಲ್ಲಿ ಆ ಸಕ್ಕರೆ ಬಾಯ್ಲರಿಗೂ ಹಾನಿ ಮಾಡುತ್ತದೆ. ಆದುದರಿಂದ ಪಾತ್ರೆಯ ಮಗ್ಗುಲಲ್ಲಿ ಎಲ್.ಟಿ. 101 ಮಟ್ಟವನ್ನು ಅಳೆದು ಕಳುಹಿಸುತ್ತದೆ; ಎಲ್.ಐ.ಸಿ. 101 ಅದನ್ನು ಇರಬೇಕಾದ ಮಟ್ಟದೊಡನೆ ಹೋಲಿಸುತ್ತದೆ, ಎಲ್.ವಿ. 101 ಎಂಬ ವಾಲ್ವು ಒಳಬರುವ ಹಾಲನ್ನು ಹೆಚ್ಚಿಸುತ್ತದೆ, ಇಲ್ಲವೆ ಕುಗ್ಗಿಸುತ್ತದೆ. ಕಣ್ಣು, ಬುದ್ಧಿ, ಕೈ ಎಂದು ನಾವು ಮೊದಲು ಕಂಡುದೇ ಇಲ್ಲಿ ಮೂರು ವೃತ್ತಗಳಾಗಿ ನಿಂತಿದೆ.

ಉಪಕರಣಗಳನ್ನು ಕೂಡಿಸುವ ತೆಳುಗೆರೆಗಳಲ್ಲಿಯೂ ಇತಿಹಾಸವಿದೆ. ಓರೆಯಾದ ಜೋಡಿ ಗೀಟುಗಳುಳ್ಳ ಗೆರೆ ಒತ್ತಿದ ಗಾಳಿಯ ಮೂಲಕ ಹೋಗುವ ಸಂದೇಶ; ತುಂಡುತುಂಡಾದ ಗೆರೆ ವಿದ್ಯುತ್ತಿನ ಸಂದೇಶ. 1950–60ರ ದಶಕಗಳ ಸ್ಥಾವರಗಳಲ್ಲಿ ಚದರ ಅಂಗುಲಕ್ಕೆ 3ರಿಂದ 15 ಪೌಂಡಿನ ಗಾಳಿಯ ಸಂದೇಶ ಹೆಚ್ಚಾಗಿ ಬಳಕೆಯಲ್ಲಿತ್ತು. ತರುವಾಯ 4ರಿಂದ 20 ಮಿಲಿ ಆಂಪಿಯರಿನ ವಿದ್ಯುತ್ ಸಂದೇಶ ಬಂದಿತು. ಅಳತೆ ಸೊನ್ನೆಯಾಗಿದ್ದಾಗಲೂ ಸಂದೇಶ ಸೊನ್ನೆಯಾಗುವುದಿಲ್ಲವೆಂಬುದು ಎರಡರಲ್ಲಿಯೂ ಗಮನಾರ್ಹ. ಸಂದೇಶ ಪೂರ್ತಿ ನಿಂತಿತೆಂದರೆ ಗಾಳಿಯ ನಳಿಕೆಯೋ ತಂತಿಯೋ ಕಡಿದಿದೆ ಎಂದು ಅರ್ಥ. ವಾಲ್ವಿನ ಬಳಿಯ ಮತ್ತೊಂದು ಗುರುತು, ಗಾಳಿಯ ಪೂರೈಕೆ ನಿಂತರೆ ಅದು ತೆರೆದು ನಿಲ್ಲಬೇಕೋ ಮುಚ್ಚಿ ನಿಲ್ಲಬೇಕೋ ಎಂಬುದನ್ನು ತಿಳಿಸುತ್ತದೆ. ಕೆಡುವ ಕಾಲವನ್ನು ಮುಂದಾಗಿ ಯೋಚಿಸಿ ಬರೆದಿಟ್ಟಿರುವುದೇ ಈ ನಕ್ಷೆಯ ಹೆಚ್ಚುಗಾರಿಕೆ.

ಇತಿಹಾಸದ ವಿದ್ಯಾರ್ಥಿ ಕೊನೆಯದಾಗಿ ಹಾಳೆಯ ಮೂಲೆಯನ್ನು ನೋಡಬೇಕು. ಅಲ್ಲಿ ಪರಿಷ್ಕರಣಗಳ ಪಟ್ಟಿಯಿರುತ್ತದೆ: ಯಾವ ದಿನ, ಏನು ಬದಲಾಯಿತು, ಯಾರು ಬರೆದರು, ಯಾರು ಒಪ್ಪಿದರು. ನಮ್ಮ ದೃಷ್ಟಿಯಲ್ಲಿ ಅದು ಆ ಸ್ಥಾವರದ ಶಾಸನವೇ ಸರಿ. ಕಾಲ, ಕರ್ತೃ, ಕಾರ್ಯ, ಸಾಕ್ಷಿ ನಾಲ್ಕೂ ಅದರಲ್ಲಿವೆ.

6

ಶಾಸನದಲ್ಲಿ ಕೂಟಶಾಸನವಿರುವಂತೆ ನಕ್ಷೆಯಲ್ಲಿಯೂ ನಿಜವಲ್ಲದುದು ಇರಬಹುದು. ಅದು ವಂಚನೆಯಿಂದಲೇ ಆಗಬೇಕೆಂದಿಲ್ಲ. ಅವಸರದಿಂದಲೂ ಅಲಕ್ಷ್ಯದಿಂದಲೂ ಆಗುತ್ತದೆ. ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಎಂಬಲ್ಲಿಯ ರಾಸಾಯನಿಕ ಸ್ಥಾವರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಿಂತ ಆರು ಪಾತ್ರೆಗಳಿದ್ದವು. 1974ರ ಮಾರ್ಚಿನಲ್ಲಿ ಐದನೆಯ ಪಾತ್ರೆ ಸೀಳಿರುವುದು ಕಂಡಿತು. ಅದನ್ನು ತೆಗೆದು, ನಾಲ್ಕನೆಯ ಮತ್ತು ಆರನೆಯ ಪಾತ್ರೆಗಳನ್ನು 20 ಅಂಗುಲದ ಬಾಗಿದ ಕೊಳವೆಯೊಂದರಿಂದ ಕೂಡಿಸಿದರು. ಈ ಕೊಳವೆಗೆ ಸರಿಯಾದ ನಕ್ಷೆಯಾಗಲಿ ಲೆಕ್ಕಾಚಾರವಾಗಲಿ ಇರಲಿಲ್ಲ. ಕಾರ್ಯಾಗಾರದ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆಯೆಳೆದು ಅದನ್ನು ಮಾಡಿದ್ದರೆಂದು ವಿಚಾರಣೆಯಲ್ಲಿ ತಿಳಿಯಿತು. ಜೂನ್ 1ರಂದು ಆ ಜೋಡಣೆ ಒಡೆದು ಒಳಗಿನ ದ್ರವ ಆವಿಯಾಗಿ ಹರಡಿ ಸ್ಫೋಟಿಸಿತು. 28 ಮಂದಿ ಸತ್ತರು. ಅಂದು ಶನಿವಾರ; ವಾರದ ಕೆಲಸದ ದಿನವಾಗಿದ್ದರೆ ಸತ್ತವರ ಸಂಖ್ಯೆ ಇನ್ನೂ ಬಹಳ ಹೆಚ್ಚುತ್ತಿತ್ತು.

ನಮ್ಮ ದೇಶದ ದುರಂತ ಇದಕ್ಕಿಂತ ಘೋರವಾದುದು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಲ್ಲಿ ಮೀಥೈಲ್ ಐಸೋಸಯನೇಟ್ ತುಂಬಿದ್ದ ತೊಟ್ಟಿಯೊಳಗೆ ನೀರು ಸೇರಿ ವಿಷಾನಿಲ ಹೊರಬಂದಿತು. ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಆ ಸ್ಥಾವರದ ವಿನ್ಯಾಸದಲ್ಲಿ ತೊಟ್ಟಿಯನ್ನು ತಣ್ಣಗಿಡುವ ಯಂತ್ರವಿತ್ತು, ಅನಿಲವನ್ನು ತೊಳೆಯುವ ಗೋಪುರವಿತ್ತು, ಅದನ್ನು ಸುಡುವ ಜ್ವಾಲೆಯ ಗೋಪುರವಿತ್ತು. ಆ ರಾತ್ರಿ ತಣಿಸುವ ಯಂತ್ರ ನಿಂತಿತ್ತು. ಜ್ವಾಲೆಯ ಗೋಪುರಕ್ಕೆ ಹೋಗುವ ಕೊಳವೆಯ ಒಂದು ತುಂಡನ್ನು ದುರಸ್ತಿಗಾಗಿ ತೆಗೆದಿದ್ದರು. ತೊಳೆಯುವ ಗೋಪುರ ಆ ಪ್ರಮಾಣದ ಅನಿಲವನ್ನು ತಡೆಯಲಾರದೆ ಹೋಯಿತು. ವಿನ್ಯಾಸವನ್ನು ಮಾತ್ರ ನೋಡಿದವರಿಗೆ ಮೂರು ಕಾವಲುಗಳು ಕಾಣುತ್ತಿದ್ದವು. ನೆಲದ ಮೇಲೆ ನಂಬಬಹುದಾದ ಕಾವಲು ಒಂದೂ ಇರಲಿಲ್ಲ. ನೌಬಾದಿನಲ್ಲಿ ಸ್ಥಾವರವಿದ್ದು ನಕ್ಷೆ ಮರೆಯಾಗಿತ್ತು; ಭೋಪಾಲದಲ್ಲಿ ನಕ್ಷೆಯ ಕಾವಲುಗಳಿದ್ದು ಸ್ಥಾವರದವು ಮರೆಯಾಗಿದ್ದವು. ಮೊದಲನೆಯದರಿಂದ ಊರಿಗೆ ನೀರು ತಪ್ಪಿತು. ಎರಡನೆಯದರಿಂದ ಊರೇ ಸ್ಮಶಾನವಾಯಿತು.

ಈ ಅನುಭವಗಳಿಂದ ನಕ್ಷೆಯ ಓದಿಗೆ ಹೊಸ ಮಹತ್ವ ಬಂದಿತು. ಇಂಗ್ಲೆಂಡಿನ ಐ.ಸಿ.ಐ. ಕಂಪನಿಯಲ್ಲಿ 1960ರ ದಶಕದಲ್ಲಿಯೇ ಒಂದು ಪದ್ಧತಿ ರೂಪುಗೊಂಡಿತ್ತು. ಹಲವು ಶಾಖೆಗಳ ತಜ್ಞರು ಒಟ್ಟಿಗೆ ಕುಳಿತು ನಕ್ಷೆಯ ಗೆರೆಗಳನ್ನು ಒಂದೊಂದಾಗಿ ಹಿಡಿದು, ಇಲ್ಲಿ ಹರಿವು ಇಲ್ಲವಾದರೆ ಏನಾದೀತು, ಹೆಚ್ಚಾದರೆ, ಕಡಿಮೆಯಾದರೆ, ಹಿಮ್ಮುಖವಾದರೆ ಏನಾದೀತು ಎಂದು ಪ್ರಶ್ನಿಸುತ್ತ ಹೋಗುವುದು ಅದರ ಕ್ರಮ. ಇಂದು ‘ಹ್ಯಾಜಾಪ್’ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಭಾರತದಲ್ಲಿ 1987ರಲ್ಲಿ ಕಾರ್ಖಾನೆಗಳ ಕಾಯಿದೆ ತಿದ್ದುಪಡಿಯಾಗಿ ಅಪಾಯಕಾರಿ ಕೈಗಾರಿಕೆಗಳಿಗೆ ಪ್ರತ್ಯೇಕ ಅಧ್ಯಾಯ ಸೇರಿತು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದಿನ ನಿಯಮಗಳು ಬಂದವು. ಅಮೆರಿಕದಲ್ಲಿ 1992ರ ನಿಯಮವು ಕೊಳವೆ ಮತ್ತು ಉಪಕರಣಗಳ ನಕ್ಷೆಯನ್ನು ಇಟ್ಟುಕೊಂಡಿರಲೇಬೇಕೆಂದು ಹೆಸರಿಸಿಯೇ ವಿಧಿಸಿತು. ಆದರೆ ನಕ್ಷೆ ನಿಜವಾಗಿಲ್ಲದಿದ್ದರೆ ಇಂಥ ಪರೀಕ್ಷೆಗಳೆಲ್ಲವೂ ಇಲ್ಲದ ಸ್ಥಾವರವೊಂದರ ಪರೀಕ್ಷೆಯಾಗಿ ಮುಗಿಯುತ್ತವೆ. ಹಾಳೆಯನ್ನು ಕೈಯಲ್ಲಿ ಹಿಡಿದು ಕೊಳವೆಯಿಂದ ಕೊಳವೆಗೆ ನಡೆದು ನೋಡುವುದಕ್ಕೆ ಬದಲಾದ ಉಪಾಯ ಇಂದಿಗೂ ಇಲ್ಲ.

7

ಇಷ್ಟರಿಂದ ನಮ್ಮ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒದಗುವ ಕೆಲಸವೇನು? ಕೊಹಿನೂರದಂಥ ಯಾವ ದೊಡ್ಡ ಗ್ರಾಮವನ್ನೇ ತೆಗೆದುಕೊಳ್ಳಲಿ. ಅಲ್ಲಿ ಕೊಳವೆಬಾವಿಗಳಿರುತ್ತವೆ, ಎತ್ತರದ ನೀರಿನ ಟಾಕಿಯಿರುತ್ತದೆ, ಓಣಿ ಓಣಿಗೆ ಹೋಗುವ ಕೊಳವೆಗಳಿರುತ್ತವೆ. ಒಂದು ಕಾಲದ ಕೊಳವೆಯ ಮೇಲೆ ಇನ್ನೊಂದು ಕಾಲದ ಕೊಳವೆ ಬಂದಿರುತ್ತದೆ. 2019ರಲ್ಲಿ ಜಲ ಜೀವನ ಮಿಷನ್ ಮೊದಲಾದ ಮೇಲೆ ಹೊಸ ಕೊಳವೆಗಳೂ ಸೇರಿವೆ. ಯಾವ ಕಲ್ಲುಚಪ್ಪಡಿಯ ಕೆಳಗೆ ಯಾವ ಓಣಿಯ ವಾಲ್ವಿದೆ, ಯಾವುದನ್ನು ಎಷ್ಟು ಸುತ್ತು ತಿರುಗಿಸಿದರೆ ಕಡೆಯ ಮನೆಗೆ ನೀರು ಮುಟ್ಟುತ್ತದೆ ಎಂಬುದು ಸಾಮಾನ್ಯವಾಗಿ ಪಂಚಾಯತಿಯ ನೀರು ಬಿಡುವವನಿಗೆ ಮಾತ್ರ ತಿಳಿದಿರುತ್ತದೆ. ಅವನು ಇಂದಿನ ನೀರುಗಂಟಿ. ಅವನು ಕೆಲಸ ಬಿಟ್ಟ ದಿನ ಊರಿನ ಕರೇಜು ಮುಚ್ಚಿದಂತೆಯೇ ಸರಿ.

ಆದುದರಿಂದ ನಮ್ಮ ಸೂಚನೆಗಳು ಎರಡು. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ನೀರಿನ ವ್ಯವಸ್ಥೆಯನ್ನು, ಅದನ್ನು ನಡೆಸುವವರ ಜೊತೆಯಲ್ಲಿ ನಡೆದು, ಕೇಳಿ, ಕೊಳವೆ ಮತ್ತು ಉಪಕರಣಗಳ ನಕ್ಷೆಯಾಗಿ ಬರೆಯಲಿ. ಬರೆದ ದಿನಾಂಕವನ್ನೂ ಹೇಳಿದವರ ಹೆಸರನ್ನೂ ಮೂಲೆಯಲ್ಲಿ ನಮೂದಿಸಿ ಒಂದು ಪ್ರತಿಯನ್ನು ಪಂಚಾಯತಿಗೆ ಕೊಡಲಿ. ಇದಕ್ಕೆ ಒಂದು ಹಾಳೆ, ಒಂದು ಸೀಸದ ಕಡ್ಡಿ, ಒಂದು ವಾರದ ತಿರುಗಾಟ ಸಾಕು. ಎರಡನೆಯದಾಗಿ, ಜಿಲ್ಲೆಯ ಹಳೆಯ ಕಾರ್ಖಾನೆಗಳು ಯಂತ್ರಗಳನ್ನು ಬದಲಾಯಿಸುವಾಗ, ಇಲ್ಲವೆ ಬಾಗಿಲು ಮುಚ್ಚುವಾಗ, ಕಬ್ಬಿಣದೊಡನೆ ನಕ್ಷೆಗಳೂ ಗುಜರಿಗೆ ಹೋಗದಂತೆ ಅವುಗಳ ಪ್ರತಿಗಳನ್ನು ಬೇಡಿ ಸಂಗ್ರಹಿಸುವುದು ಇತಿಹಾಸ ವಿಭಾಗಗಳ ಕರ್ತವ್ಯವಾಗಬೇಕು. ಈ ಜಿಲ್ಲೆಯ ರೈತನ ಕಬ್ಬು ಯಾವ ದಾರಿಯಲ್ಲಿ ಸಕ್ಕರೆಯಾಯಿತು, ಯಾವ ವರ್ಷ ಮನುಷ್ಯನ ಕಣ್ಣಿನ ಬದಲು ಉಪಕರಣ ಬಂದಿತು, ಅದರಿಂದ ಯಾವ ಕೆಲಸಗಾರನ ಕೆಲಸ ಹೋಯಿತು, ಯಾವ ಹೊಸ ಕೆಲಸ ಹುಟ್ಟಿತು ಎಂಬುದನ್ನು ಮುಂದಿನವರು ಆ ಹಾಳೆಗಳಿಂದಲೇ ಓದಿ ತಿಳಿಯಬೇಕಾಗಿದೆ.

ಕಲ್ಯಾಣದ ಕೆರೆಯ ತೂಬನ್ನು ನಡೆಸಿದವರಾಗಲಿ, ನೌಬಾದಿನ ಸುರಂಗಕ್ಕೆ ಇಳಿದು ಹೂಳು ತೆಗೆದವರಾಗಲಿ ತಮ್ಮ ವಿದ್ಯೆಯನ್ನು ಬರೆದಿಡಲಿಲ್ಲವೆಂದು ಅವರನ್ನು ಆಕ್ಷೇಪಿಸಲು ನಮಗೆ ಅಧಿಕಾರವಿಲ್ಲ. ಬರೆಯುವ ಸಾಧನ ಅವರ ಕೈಯಲ್ಲಿರಲಿಲ್ಲ. ಅದು ಇಂದು ನಮ್ಮ ಕೈಯಲ್ಲಿದೆ.